ಆರನೆಯ ಮನೆ

ಚಿಕ್ಕಮ್ಮನಿಗೆ ಭಯ ಹುಟ್ಟಿಸದ ವಸ್ತು ಈ ಲೋಕದಲ್ಲಿ ಇದ್ದಂತಿರಲಿಲ್ಲ. ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳು. ಬಸ್ಸು ತಿರುವಿನಲ್ಲಿ ವಾಲಿದರೆ ಪಕ್ಕದಲ್ಲಿ ಕೂತವರ ತೋಳು ಹಿಡಿದುಬಿಡುತ್ತಿದ್ದಳು, ಪರಿಚಯ ಇರಲಿ ಬಿಡಲಿ. ಮನೆಯಿಂದ ಹೊರಟು ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡಿ, ರಸ್ತೆಯ ತುದಿಗೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದಳು.

"ಎಲ್ಲರ ಹೊಲದ ಬೆದರುಬೊಂಬೆ ಹಕ್ಕೀನ ಹೆದರ್ಸುತ್ತೆ. ನಮ್ಮನೇದು ಹಕ್ಕಿ ಕಂಡ್ರೆ ತಾನೇ ಓಡುತ್ತೆ" ಎಂದು ಚಿಕ್ಕಪ್ಪ ಛೇಡಿಸುತ್ತಿದ್ದರು.

ಅಂಥವಳಿಗೆ ಸಿಕ್ಕ ಕೆಲಸ ನೋಡಿ. ಅವಳ ಮುಂದೆ ಒಂದು ಹಳೆಯ ಕಂಪ್ಯೂಟರ್. ಅದರ ಒಂದು ಗುಂಡಿ ಒತ್ತಿದರೆ ಗೋಡೆಯಾಚೆಯ ಕೋಣೆಗೆ ಕುದಿಯುವ ಹಬೆ ನುಗ್ಗುತ್ತದೆ. ಆ ಕೋಣೆಯೊಳಗೆ ಹೊತ್ತು ಗೊತ್ತಿಲ್ಲದೆ ಹೋಗಿಬರುತ್ತಿದ್ದವರು ಚಿಕ್ಕಪ್ಪ. ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ಹಾಗೆ.

ಅದು ಮರ ಒಣಗಿಸುವ ಕಾರ್ಖಾನೆ. ಕೊಯ್ದ ಹಸಿ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ತೆಳು ಪಟ್ಟಿಗಳನ್ನಿಟ್ಟು, ಇಟ್ಟಿಗೆಯ ದೊಡ್ಡ ಕೋಣೆಯಲ್ಲಿ ಬಿಸಿಗಾಳಿ ಬೀಸುತ್ತಾರೆ. ಬರೀ ಬಿಸಿಗಾಳಿಯಾದರೆ ಮರಕ್ಕೆ ಸಿಟ್ಟು ಬರುತ್ತದಂತೆ, ಉದ್ದಕ್ಕೆ ಸೀಳಿಕೊಳ್ಳುತ್ತದೆ. ಅದಕ್ಕೇ ನಡುನಡುವೆ ಹಬೆ ಕುಡಿಸಬೇಕು. ಎಷ್ಟು ಗಾಳಿ, ಎಷ್ಟು ಹಬೆ, ಯಾವಾಗ ಎನ್ನುವುದನ್ನು ನೋಡಿಕೊಳ್ಳುತ್ತಿದ್ದದ್ದು ಕಂಪ್ಯೂಟರ್. ಅದನ್ನು ನೋಡಿಕೊಳ್ಳುತ್ತಿದ್ದವಳು ಚಿಕ್ಕಮ್ಮ. ಹಲಗೆ ಪೇರಿಸುವ ಮೇಸ್ತ್ರಿ ಚಿಕ್ಕಪ್ಪ.

ಕಂಪ್ಯೂಟರಿನ ಕೋಣೆ ಒಣಕೋಣೆಯ ಬೆನ್ನಿಗೇ ಅಂಟಿಕೊಂಡಿತ್ತು. ಒಂದು ಮೇಜು, ಎರಡು ಕುರ್ಚಿ, ಗಾಜಿನ ಹಿಂದೆ ಬರೀ ಗೋಡೆ ಕಾಣುವ ಒಂದು ಕಿಟಕಿ. ಒಣಕೋಣೆಯ ಹಿಂಭಾಗಕ್ಕೆ ಗೋಡೆ ಕೊರೆದು ಒಂದು ಕಬ್ಬಿಣದ ಪೈಪು ಹಾಯಿಸಿದ್ದರು. ಆ ಕಡೆಯಿಂದ ಚಿಕ್ಕಪ್ಪ ಅದರಲ್ಲಿ ಮಾತಾಡಿದರೆ ಈ ಕಡೆ ಚಿಕ್ಕಮ್ಮನಿಗೆ ಕೇಳಿಸುತ್ತಿತ್ತು. ಹಬೆ ಬಿಡುವಾಗ ಪೈಪಿನ ಬಾಯಿಗೆ ಚಿಂದಿ ಬಟ್ಟೆಯ ಉಂಡೆ ತುರುಕಬೇಕು.

ಯಂತ್ರ ಬಂದಾಗ ಬೂದು ಬಿಳುಪಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಹಳೆಯ ಹಲ್ಲಿನ ಬಣ್ಣ. ಸೂಟ್‌ಕೇಸಿನಷ್ಟು ಅಗಲ, ಎತ್ತಲು ಇಬ್ಬರು ಬೇಕು. ಪರದೆಯ ಮೇಲೆ ಹಸಿರು ಅಕ್ಷರ ಬಿಟ್ಟರೆ ಬೇರೆ ಬಣ್ಣವಿಲ್ಲ. ಇಪ್ಪತ್ತು ಮೆಗಾಬೈಟಿನ ಹಾರ್ಡ್ ಡಿಸ್ಕ್. ಈಗ ನನ್ನ ಮೊಬೈಲಿನ ನಾಲ್ಕೈದು ಫೋಟೊ ಹಾಕಿದರೆ ತುಂಬಿಹೋಗುತ್ತದೆ. ಬಲಗಡೆ, ಹಿಂದಕ್ಕೆ, ಬೆರಳುದ್ದದ ಒಂದು ಕೆಂಪು ಸ್ವಿಚ್. ಅದರ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಮುಚ್ಚಳದ ತಿರುಪು ಬಿಚ್ಚಿದರೆ ಒಳಗೆ ಎಂಟು ಸೀಳುಗಳು ಸಾಲಾಗಿದ್ದವು. ಕಾರ್ಡುಗಳು ಕೂರುವ ಜಾಗ. ತಂದವರು ಸ್ಲಾಟ್ ಎಂದಿದ್ದರು. ಚಿಕ್ಕಮ್ಮ ಮನೆ ಎಂದಳು, ಕುಂಟಾಬಿಲ್ಲೆಯ ಮನೆಗಳ ಹಾಗೆ. ಕ್ರಮೇಣ ಇಡೀ ಕಾರ್ಖಾನೆಯೇ ಮನೆ ಎನ್ನತೊಡಗಿತು. ಮೊದಲನೆಯ ಮನೆಯಲ್ಲಿ ಪರದೆಯ ಕಾರ್ಡು, ಎರಡನೆಯದರಲ್ಲಿ ಡಿಸ್ಕಿನದು, ಮೂರನೆಯದು ಪ್ರಿಂಟರಿನದು. ನಾಲ್ಕನೆಯದರಲ್ಲಿ ಉದ್ದನೆಯ ಮೆಮೊರಿ ಕಾರ್ಡು. ಹುಟ್ಟಿನಿಂದ ಆ ಯಂತ್ರಕ್ಕೆ ಇದ್ದದ್ದು ಇನ್ನೂರ ಐವತ್ತಾರು ಕೆ ನೆನಪು, ಈ ಕಾರ್ಡು ಸೇರಿ ಆರುನೂರ ನಲವತ್ತಾಯಿತು. ಐದನೆಯ ಮನೆಯಲ್ಲಿ ರಿಲೇ ಕಾರ್ಡು. ಫ್ಯಾನು, ಗಾಳಿಕಿಂಡಿ, ಹಬೆ, ಎಲ್ಲಕ್ಕೂ ಅಪ್ಪಣೆ ಕೊಡುವುದು ಅದು. ಉಳಿದ ಮೂರು ಮನೆ ಖಾಲಿ.

"ಖಾಲಿ ಇರ್ಲಿ ಬಿಡಿ" ಎನ್ನುತ್ತಿದ್ದಳು ಚಿಕ್ಕಮ್ಮ. "ಇರೋರೇ ಸಾಕು."

ಸಾಕು ಎನ್ನುವ ಆ ಮಾತಿಗೂ ಒಂದು ಕಥೆಯಿದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಹೊರಗಿನಿಂದ ಕೂಗಿದನಂತೆ: "ಅಕ್ಕಾ, ಹಬೆ ತೆಗಿ." ನಲ್ಲಿ ತೆಗೆದರೆ ನೀರು ಬರುತ್ತದೆ, ಬಾಗಿಲು ತೆಗೆದರೆ ಜನ ಬರುತ್ತಾರೆ. ಚಿಕ್ಕಮ್ಮ ಹಬೆಯನ್ನು ತೆಗೆದಳು, ಅಂದರೆ ಬಿಟ್ಟಳು. ಅವನು ಹೇಳಿದ್ದು ಲೈಟು ತೆಗಿ, ಫ್ಯಾನು ತೆಗಿ ಅಂದ ಹಾಗೆ, ನಿಲ್ಲಿಸು ಎಂದು. ಒಳಗೆ ಯಾರೂ ಇರಲಿಲ್ಲ. ಹಲಗೆಗಳು ಮಾತ್ರ ಹಾಳಾದವು. ಆದರೆ ಅವತ್ತು ಅವಳು ಊಟ ಮಾಡಲಿಲ್ಲ. ಹಾಕು ಅಂದರೂ ಹಾಗೇ ತಾನೆ? ಫ್ಯಾನು ಹಾಕಿದರೆ ತಿರುಗುತ್ತದೆ, ಬಾಗಿಲು ಹಾಕಿದರೆ ಮುಚ್ಚುತ್ತದೆ. ಒಂದೇ ಮಾತು, ಎರಡು ಕಡೆಗೆ ಬಾಯಿ.

ಮರುದಿನವೇ ಅವಳು ಕಾನೂನು ಮಾಡಿದಳು. ಈ ಕಾರ್ಖಾನೆಯಲ್ಲಿ ಯಾರೂ ತೆಗಿ ಅನ್ನಕೂಡದು, ಹಾಕು ಅನ್ನಕೂಡದು. ಹಬೆ ಬೇಕಾದರೆ "ಬರಲಿ". ನಿಲ್ಲಬೇಕಾದರೆ "ಸಾಕು". ಎರಡು ಗುಂಡಿಗಳ ಮೇಲೆ ಬ, ಸಾ ಎಂದು ಚೀಟಿ ಅಂಟಿಸಿದಳು. ಜನ ನಕ್ಕರು.

"ಕಾರ್ಖಾನೆಯಲ್ಲ ಇದು, ಮದುವೆ ಮನೆ ಪಂಕ್ತಿ" ಎಂದರು ಯಜಮಾನರು. ಆದರೂ ಎಲ್ಲರ ನಾಲಿಗೆಗೆ ಅದೇ ಹತ್ತಿತು. ಚಿಕ್ಕಪ್ಪನಿಗಂತೂ ಒಣಕೋಣೆಯಿಂದ ಹೊರಗೆ ಬಂದು ರಾಗವಾಗಿ "ಬರ್ಲೀ" ಎನ್ನುವುದು ಒಂದು ಆಟ.

ಚಿಕ್ಕಮ್ಮನ ಇನ್ನೊಂದು ಭಯ ಆ ಕೆಂಪು ಸ್ವಿಚ್. ಡಿಸ್ಕಿನೊಳಗೆ ಒಂದು ಸೂಜಿ ತಟ್ಟೆಗೆ ತಾಗಿಯೂ ತಾಗದ ಹಾಗೆ ಓಡುತ್ತಿರುತ್ತದೆ. ಯಂತ್ರ ನಿಲ್ಲಿಸುವ ಮೊದಲು 'ಪಾರ್ಕ್' ಎಂದು ಟೈಪ್ ಮಾಡಿ ಅದನ್ನು ಪಕ್ಕಕ್ಕೆ ಕೂರಿಸಬೇಕು. ಹಾಗೆ ಮಾಡದೆ ಸ್ವಿಚ್ ಮುಟ್ಟಿದರೆ ಸೂಜಿ ತಟ್ಟೆಯ ಮೇಲೆ ಬಿದ್ದು ಎಲ್ಲ ಅಳಿಸಿಹೋಗುತ್ತದೆ ಎಂದು ತಂದವರು ಹೇಳಿಹೋಗಿದ್ದರು. ಮರ ಒಣಗಿಸುವ ಪ್ರೋಗ್ರಾಮು ಇದ್ದದ್ದು ಆ ತಟ್ಟೆಯ ಮೇಲೊಂದೇ. ಬರೆದವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಫ್ಲಾಪಿಯಲ್ಲಿದ್ದ ಪ್ರತಿಗೆ ಬೂಷ್ಟು ಹಿಡಿದಿತ್ತು.

"ಆ ಸೂಜಿ ಬಿದ್ರೆ ಕಾರ್ಖಾನೆ ಬಾಗಿಲು ಹಾಕೋದೇ" ಎಂದು ಯಜಮಾನರು ಒಮ್ಮೆ ಅಂದದ್ದು ಚಿಕ್ಕಮ್ಮನ ಎದೆಯಲ್ಲಿ ಕೂತಿತ್ತು. ಸಂಜೆ ಪಾರ್ಕ್ ಎಂದು ಟೈಪ್ ಮಾಡಿ, ಮಲಗಿದ ಮಗುವಿನ ಉಸಿರು ನೋಡುವಂತೆ ಬಗ್ಗಿ ಕಿವಿಗೊಟ್ಟು, ಆಮೇಲೆ ಸ್ವಿಚ್ಚಿಗೆ ಕೈ ಹಾಕುತ್ತಿದ್ದಳು.

ಹೀಗಿರುವಾಗ ಯಜಮಾನರು ಎರಡನೆಯ ಒಣಕೋಣೆ ಕಟ್ಟಿಸಿದರು. ಅದಕ್ಕೂ ಇದೇ ಕಂಪ್ಯೂಟರ್ ಅಪ್ಪಣೆ ಕೊಡಬೇಕು. ಹೊಸ ಯಂತ್ರ ತರೋಣವೆಂದರೆ ಹೊಸ ಯಂತ್ರಗಳಲ್ಲಿ ಇಂಥ ಮನೆಗಳೇ ಇಲ್ಲ, ನಮ್ಮ ರಿಲೇ ಕಾರ್ಡು ಕೂರುವುದಿಲ್ಲ. ಪ್ರೋಗ್ರಾಮಿನಲ್ಲೇನೋ ಎರಡು ಕೋಣೆಗೆ ಜಾಗವಿತ್ತು. ಬೇಕಾದದ್ದು ಇನ್ನೊಂದು ಕಾರ್ಡು. ಹಳೆಯ ಸಾಮಾನುಗಳನ್ನು ಹುಡುಕಿ ಮಾರುವ ಒಬ್ಬ ಮಧ್ಯವಯಸ್ಸಿನವರು ಅಂಥದ್ದೇ ಒಂದನ್ನು ಪತ್ತೆ ಮಾಡಿ ತಂದರು. ಅವರನ್ನು ಎಲ್ಲರೂ ಕಾರ್ಡಿನವರು ಎಂದೇ ಕರೆದರು.

ನನಗೆ ಕಾಲೇಜಿಗೆ ರಜೆ. ಚಿಕ್ಕಮ್ಮನ ಮನೆಯಲ್ಲಿದ್ದೆ. "ನೀನೂ ಬಾರೇ, ಜೊತೆಗಿರು" ಎಂದು ನನ್ನನ್ನು ಕರೆದುಕೊಂಡು ಹೋದಳು. ಕಾರ್ಡು ಹಾಕುವುದನ್ನು ನೋಡಲು ಅವಳಿಗೆ ಒಬ್ಬಳಿಗೇ ಧೈರ್ಯವಿರಲಿಲ್ಲ.

ಕಾರ್ಡಿನವರು ಮುಚ್ಚಳ ತೆಗೆದು, ಕಬ್ಬಿಣದ ಚೌಕಟ್ಟನ್ನು ಒಮ್ಮೆ ಮುಟ್ಟಿ, ಮೈಯ ಕರೆಂಟು ಇಳಿಸಿಕೊಂಡರು. ಒಳಗಿನ ಧೂಳು ಬಟ್ಟೆಯ ಹಾಗೆ ಹಾಸಿತ್ತು. "ಪವರ್ ಸಪ್ಲೈ ನೂರ ಮೂವತ್ತು ವ್ಯಾಟು. ಇನ್ನೊಂದು ಕಾರ್ಡನ್ನ ತಾಳ್ಕೊಳ್ಳುತ್ತೆ" ಎಂದರು. "ಎಂಟನೇದು ಸ್ವಲ್ಪ ತಕರಾರಿನ ಜಾಗ, ಎಲ್ಲರನ್ನೂ ಸೇರಿಸಲ್ಲ. ಆರನೇದರಲ್ಲಿ ಹಾಕ್ತೀನಿ."

"ಹಾಕ್ತೀನಿ ಅನ್ಬೇಡಿ" ಎಂದಳು ಚಿಕ್ಕಮ್ಮ.

"ಮತ್ತೆ?"

"ಕೂರಿಸ್ತೀನಿ ಅನ್ನಿ."

ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಹೊಸ ಕಾರ್ಡಿನ ಮೂಲೆಯಲ್ಲಿ ಅಕ್ಕಿಕಾಳಿನಂಥ ಬಿಳಿಯ ಪುಟ್ಟ ಸ್ವಿಚ್ಚುಗಳ ಸಾಲಿತ್ತು. ಹಳೆಯ ಕಾರ್ಡಿನಲ್ಲೂ ಇತ್ತು. ಕಾರ್ಡಿನವರು ಎರಡನ್ನೂ ಅಕ್ಕಪಕ್ಕ ಹಿಡಿದು, "ಇವೇನೋ ಬೇರೆ ಥರ ಇವೆಯಲ್ಲ" ಎಂದು ಗೊಣಗಿದರು. ಚಿಕ್ಕಮ್ಮ ಟಾರ್ಚನ್ನು ಇನ್ನೂ ಹತ್ತಿರ ಹಿಡಿದಳು. ಬೇರೆ ಥರ ಎನ್ನುವ ಮಾತೇ ಅವಳಿಗೆ ಆಗದು.

"ಎರಡೂ ಒಂದೇ ಥರ ಇರ್ಲಿ. ಇಷ್ಟು ವರ್ಷ ಇದು ತೊಂದ್ರೆ ಕೊಟ್ಟಿಲ್ಲ. ಇದರ ಹಾಗೇ ಅದನ್ನೂ ಇಟ್ಬಿಡಿ."

"ಅದೂ ಸರಿ" ಎಂದು ಅವರು ಪೆನ್ನಿನ ಮೊನೆಯಿಂದ ಹೊಸ ಕಾರ್ಡಿನ ಸ್ವಿಚ್ಚುಗಳನ್ನು ಹಳೆಯದರಂತೆಯೇ ಸರಿಸಿದರು. ಆರನೆಯ ಮನೆಯ ತಗಡಿನ ಪಟ್ಟಿ ಬಿಚ್ಚಿ, ಕಾರ್ಡನ್ನು ಒತ್ತಿ ಕೂರಿಸಿದರು. ಬೇರೆ ಮನೆ ಸಿಕ್ಕಿತಲ್ಲ, ಇನ್ನು ಅದರ ಸಂಸಾರ ಅದಕ್ಕೆ, ಇದರದು ಇದಕ್ಕೆ ಎಂದುಕೊಂಡೆವು. ಮೂವರೂ.

ಮಧ್ಯಾಹ್ನ ಪರೀಕ್ಷೆ. ಯಜಮಾನರು, ಬಾಯ್ಲರಿನವನು ಹೊಸ ಕೋಣೆಯ ಬಾಗಿಲಲ್ಲಿ ನಿಂತರು. ಅಷ್ಟರಲ್ಲಿ ಹಸಿರು ಪರದೆಯ ಮೇಲೆ ಮೊದಲನೆಯ ಕೋಣೆಯ ತೇವದ ಅಂಕಿ ಕುಣಿಯತೊಡಗಿತು. ತೇವ ಅಳೆಯಲು ಹಲಗೆಗಳಿಗೆ ಚುಚ್ಚಿದ್ದ ಯಾವುದೋ ತಂತಿ ಸಡಿಲವಾಗಿತ್ತು. ಚಿಕ್ಕಪ್ಪ ಬಾಗಿಲಿಗೆ ಬಂದು ಇಣುಕಿದರು.

"ನಾನ್ ಹೋಗಿ ಸರಿಮಾಡ್ತೀನಿ."

"ಹಬೆ ಬಿಡೋ ಹೊತ್ತಲ್ಲಿ ಒಳಗೆ ಹೋಗ್ತೀರಾ?"

"ಹಬೆ ಎರಡನೇದಕ್ಕೆ ಕಣೇ. ನಾನು ಹೋಗೋದು ಒಂದನೇದಕ್ಕೆ. ಪಕ್ಕದ ಮನೇಲಿ ಒಗ್ಗರಣೆ ಹಾಕಿದ್ರೆ ನಮ್ಮನೇಲಿ ಸಾಸಿವೆ ಸಿಡಿಯುತ್ತಾ?"

"ಹೊರಗಿನ ಕೈವಾಲ್ವ್ ಮುಚ್ಚಿ ಹೋಗಿ."

"ಅದನ್ನ ಮುಚ್ಚಿದ್ರೆ ಎರಡಕ್ಕೂ ಬರಲ್ಲ. ಎರಡನೇದರ ಹಬೆ ಕೊಳವೇನೂ ಆ ವಾಲ್ವ್ ದಾಟಿದ ಮೇಲೇ ಎಳೆದಿರೋದು. ಯಜಮಾನರು ಅಲ್ಲಿ ಬಾಯಿ ಬಿಟ್ಕೊಂಡು ಕಾಯ್ತಾ ಇದಾರೆ." ನನ್ನ ಕಡೆ ತಿರುಗಿ, "ನಿನ್ನ ಚಿಕ್ಕಮ್ಮನ್ನ ಹಿಡ್ಕೊಂಡಿರು, ಬಿದ್ಗಿದ್ದಾಳು" ಎಂದು ಹೊರಟರು.

ಮೊದಲನೆಯ ಕೋಣೆಯ ತುಂಬ ಹಲಗೆ ಪೇರಿಸಿತ್ತು. ತಂತಿಗಳಿದ್ದದ್ದು ಹಿಂಭಾಗದಲ್ಲಿ, ಪೇರಿಕೆಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಅಲ್ಲಿಗೆ ಅಡ್ಡಡ್ಡವಾಗಿ ನುಸುಳಿಕೊಂಡೇ ಹೋಗಬೇಕು. ಹಬೆಯ ಕೊಳವೆ ಹಾದುಹೋಗಿದ್ದದ್ದೂ ಅದೇ ಗೋಡೆಯ ಮೇಲೆ. ಸ್ವಲ್ಪ ಹೊತ್ತಿಗೆ ಪೈಪಿನಿಂದ ಚಿಕ್ಕಪ್ಪನ ಗುನುಗು ಕೇಳಿಸಿತು. ಚಿಕ್ಕಮ್ಮ ನಿಟ್ಟುಸಿರು ಬಿಟ್ಟಳು. ಮೊದಲನೆಯ ಕೋಣೆಗೆ ಹಬೆ ಬಿಡುವುದಿಲ್ಲವಾದ್ದರಿಂದ ಪೈಪಿಗೆ ಬಟ್ಟೆ ತುರುಕಿರಲಿಲ್ಲ.

"ಬರ್ಲಿ" ಎಂದು ಹೊರಗಿನಿಂದ ಯಜಮಾನರು ಕೂಗಿದರು.

ಚಿಕ್ಕಮ್ಮ ಪರದೆಯಲ್ಲಿ ಎರಡನೆಯ ಕೋಣೆಯನ್ನು ಆರಿಸಿದಳು. ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದಳು. ಕಾರ್ಡಿನವರನ್ನೂ ಕೇಳಿದಳು. ಆಮೇಲೆ ಬ ಒತ್ತಿದಳು. ಯಂತ್ರದೊಳಗೆ ಟಿಕ್ ಎಂದಿತು. ಒಂದು ಟಿಕ್ ಅಲ್ಲ, ಒಂದರ ಮೇಲೊಂದು ಬಿದ್ದ ಎರಡು. ಆಗ ಅದು ನಮ್ಮ ತಲೆಗೆ ಹೋಗಲಿಲ್ಲ.

"ಬಂತು ಬಂತು" ಎಂದು ಹೊರಗೆ ಗದ್ದಲ. ಕಾರ್ಡಿನವರು ನಕ್ಕು ಕೈ ಒರೆಸಿಕೊಂಡರು.

ನಾನು ಪೈಪಿನ ಹತ್ತಿರ ನಿಂತಿದ್ದೆ. ಗುನುಗು ನಿಂತಿತ್ತು. ಪೈಪಿನಿಂದ ಮೊದಲು ಬಂದದ್ದು ಮಾತಲ್ಲ, ಉಸಿರು. ಬೆಚ್ಚಗೆ ನನ್ನ ಕೆನ್ನೆಗೆ ತಾಗಿತು. ಒದ್ದೆ ಮರದ ವಾಸನೆ. ಯಾರೋ ತೀರ ಹತ್ತಿರ ಬಂದು ಬಾಯಿ ತೆರೆದು ನಿಂತ ಹಾಗೆ. ಆಮೇಲೆ ಚಿಕ್ಕಪ್ಪನ ದನಿ. ಆದರೆ ಅದು ಚಿಕ್ಕಪ್ಪನ ದನಿಯಂತಿರಲಿಲ್ಲ.

"ತೆಗಿ. ತೆಗಿ. ತೆಗಿ."

ಚಿಕ್ಕಮ್ಮ ಎದ್ದು ನಿಂತಳು.

"ಏನು ತೆಗೀಬೇಕಂತೆ?" ಎಂದರು ಕಾರ್ಡಿನವರು. "ವಾಲ್ವಾ? ಒಂದನೇದನ್ನೂ ಒಟ್ಟಿಗೆ ನೋಡೋಣ ಅಂತಿರ್ಬೇಕು." ಅವರ ಕೈ ಕೀಲಿಮಣೆಯ ಕಡೆ ಹೋಯಿತು. ಅವರಿಗೆ ನಮ್ಮ ಕಾನೂನಿನ ಹಿಂದುಮುಂದು ತಿಳಿಯದು.

ಚಿಕ್ಕಮ್ಮ ಆ ಕೈಯನ್ನು ತಳ್ಳಿದಳು. ಮೊದಲನೆಯ ಕೋಣೆಯನ್ನು ಆರಿಸಿ ಸಾ ಒತ್ತಿದಳು. ಯಂತ್ರ ಬೀಪ್ ಎಂದಿತು. ಮೊದಲನೆಯ ಕೋಣೆಯಲ್ಲಿ ಹಬೆ ಇಲ್ಲವೇ ಇಲ್ಲ, ನಿಲ್ಲಿಸುವುದೇನು ಎಂದು ಹಸಿರು ಅಕ್ಷರ ಹೇಳಿತು. ಮತ್ತೆ ಒತ್ತಿದಳು. ಮತ್ತೆ ಬೀಪ್. ಪೈಪಿನ ಬಾಯಿಂದ ಈಗ ಬಿಳಿಯ ಎಳೆಯೊಂದು ಇಳಿಯುತ್ತಿತ್ತು. ತೆಗಿ ಎನ್ನುವ ಮಾತಿನಲ್ಲಿ ತೆ ಮಾತ್ರ ಉಳಿದಿತ್ತು.

ಆ ಕ್ಷಣ ಅವಳ ಮುಖ ನೋಡಿದ್ದು ನಾನು. ಕುಕ್ಕರಿಗೆ, ಬಸ್ಸಿಗೆ, ಬೀಗಕ್ಕೆ ಹೆದರುವಾಗಿನ ಮುಖವಲ್ಲ ಅದು. ರಕ್ತವೆಲ್ಲ ಇಳಿದು, ಬೆಳಗಿ ಇಟ್ಟ ಪಾತ್ರೆಯಂತೆ ಖಾಲಿಯಾಗಿತ್ತು. ಅವಳ ಬಲಗೈ ಯಂತ್ರದ ಬೆನ್ನಿಗೆ ಹೋಯಿತು.

"ಅಮ್ಮಾ, ಪಾರ್ಕ್ ಮಾಡದೆ ಮುಟ್ಬೇಡಿ" ಎಂದರು ಕಾರ್ಡಿನವರು.

ಕೆಂಪು ಸ್ವಿಚ್ ಠಕ್ಕೆಂದಿತು.

ಪರದೆಯ ಹಸಿರು ಒಂದು ಚುಕ್ಕೆಯಾಗಿ ನಡುವಿಗೆ ಸರಿದು ಆರಿತು. ಫ್ಯಾನುಗಳು ಇಳಿದನಿಯಲ್ಲಿ ನಿಂತವು. ರಿಲೇಗಳಿಗೆ ಕರೆಂಟು ಹೋದರೆ ಹಬೆಯ ವಾಲ್ವು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಅವಳಿಗೆ ಗೊತ್ತಿತ್ತೋ, ಎಲ್ಲವೂ ನಿಂತರೆ ಸಾಕು ಎನ್ನಿಸಿತೋ, ಯಾವತ್ತೂ ಹೇಳಲಿಲ್ಲ. ನಾನು ಹೊರಗೆ ಓಡಿದೆ. ಅವಳು ಓಡಲಿಲ್ಲ. ಪೈಪಿಗೆ ಬಾಯಿಟ್ಟು, "ರೀ" ಎಂದಳು. "ರೀ. ರೀ."

ಬಾಯ್ಲರಿನವನು ಗೋಣಿಚೀಲ ಹೊದ್ದು ಸಂದಿಗೆ ನುಗ್ಗಿ ಚಿಕ್ಕಪ್ಪನನ್ನು ಎಳೆದು ತಂದ. ಬಾಗಿಲು ಅರೆ ತೆರೆದಿದ್ದರಿಂದ ಹಬೆ ಅಷ್ಟು ಕಟ್ಟಿರಲಿಲ್ಲ. ಅವರು ಹಲಗೆಗಳಿಗೆ ಮುಖ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರಂತೆ. ಬಲಗಿವಿ, ಕತ್ತು, ಮುಂಗೈ ಸುಟ್ಟಿದ್ದವು. ನೆಲದ ಮೇಲೆ ಕೂರಿಸಿ ತಣ್ಣೀರು ಸುರಿದೆವು. ಅವರ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಯಲ್ಲಿ ಕೂತವರ ಹಾಗೆ. ಚಿಕ್ಕಮ್ಮ ಬಂದು ಎದುರಿಗೆ ನಿಂತಳು. ಮುಟ್ಟಲಿಲ್ಲ. ಒತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು.

ಕಾರಣ ಸಂಜೆಯೊಳಗೆ ಗೊತ್ತಾಯಿತು. ಕಾರ್ಡಿನವರು ಎರಡೂ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ತಲೆಗೆ ಕೈಹೊತ್ತು ಕೂತಿದ್ದರು.

"ಮನೆ ಬೇರೆ ಆದ್ರೆ ವಿಳಾಸ ಬೇರೆ ಆಗಲ್ಲಮ್ಮ. ಯಾವ ಸ್ಲಾಟಲ್ಲಿ ಕೂತ್ರೂ ವಿಳಾಸ ಕಾರ್ಡಿನ ಮೇಲೇ ಇರುತ್ತೆ. ಈ ಪುಟ್ಟ ಸ್ವಿಚ್ಚುಗಳೇ ವಿಳಾಸ. ಎರಡನ್ನೂ ಒಂದೇ ಥರ ಇಟ್ವಿ. ಆರನೇದಕ್ಕೆ ಕಳಿಸಿದ್ದನ್ನ ಐದನೇದೂ ತಗೊಂಡ್ತು." ಹೊಸ ಕಾರ್ಡನ್ನು ಕೈಗೆತ್ತಿಕೊಂಡು, "ಎರಡನೇ ಕೋಣೆಗೆ ಸಾಕು ಅಂತ ಒತ್ತಿದ್ರೂ ನಿಂತಿರೋದು" ಎಂದರು.

"ಆಗ ನಿಮಗೆ ಗೊತ್ತಿತ್ತಾ?" ಎಂದಳು ಚಿಕ್ಕಮ್ಮ.

"ಇಲ್ಲ. ನಾನೇ ನೋಡ್ಬೇಕಿತ್ತು. ತಪ್ಪು ನಂದೇ."

"ಒಂದೇ ಥರ ಇರ್ಲಿ ಅಂದಿದ್ದು ನಾನು" ಎಂದಳು.

ಕಾರ್ಡಿನವರು ಹೊಸ ಕಾರ್ಡಿನ ಒಂದು ಸ್ವಿಚ್ಚನ್ನು ಈಚೆಗೆ ಸರಿಸಿದರು. ಅಷ್ಟೇ. ಅಕ್ಕಿಕಾಳಿನಷ್ಟರದು, ಕೂದಲೆಳೆಯಷ್ಟು ಸರಿಯಿತು. ಮತ್ತೆ ಕೂರಿಸಿ, ಯಂತ್ರಕ್ಕೆ ಕರೆಂಟು ಕೊಟ್ಟರು. ಯಜಮಾನರು ಬಾಗಿಲಲ್ಲಿ ಗೋಡೆಗೆ ಒರಗಿದ್ದರು. ಡಿಸ್ಕು ಕೊಸರಾಡಿತು, ಕುಂಯ್ಗುಟ್ಟಿತು, ಆಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಪ್ರೋಗ್ರಾಮಿಗೆ ಏನೂ ಆಗಿರಲಿಲ್ಲ. ಇಷ್ಟು ವರ್ಷ ಅವಳು ಹೆದರಿ ಕಿವಿಗೊಟ್ಟ ಸೂಜಿ ಎಲ್ಲಿಯೂ ಬಿದ್ದಿರಲಿಲ್ಲ. ಯಜಮಾನರು ಮುಖ ಒರೆಸಿಕೊಂಡು ಹೋದರು. ಚಿಕ್ಕಮ್ಮ ಪರದೆಯನ್ನು ನೋಡಲೇ ಇಲ್ಲ.

ಮನೆಯಲ್ಲಿ ಚಿಕ್ಕಪ್ಪ ಕಿವಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಕೂತಿದ್ದಾಗ ಅವಳು ಕೇಳಿದಳು:

"ಸಾಕು ಅನ್ಬೇಕಿತ್ತಲ್ಲ. ಯಾಕೆ ತೆಗಿ ಅಂದ್ರಿ?"

"ಬಾಯಿಗೆ ಅದೇ ಬಂತು."

"ಏನು ತೆಗಿ ಅಂತ ಅಂದಿದ್ದು? ಬಾಗಿಲಾ, ಹಬೆನಾ?"

ಚಿಕ್ಕಪ್ಪ ಯೋಚಿಸಿದರು. "ಗೊತ್ತಿಲ್ಲ ಕಣೇ. ಎಲ್ಲಾನೂ ತೆಗಿ ಅಂತ." ನಗಲು ಹೋದರು, ಕಿವಿ ಉರಿಯಿತು. ಆಮೇಲೆ ಮೆಲ್ಲಗೆ, "ನಿನಗೆ ದಿನಾ ಹಿಂಗೇನಾ ಆಗೋದು, ಹೆದರಿಕೆ ಅಂದ್ರೆ?" ಎಂದರು.

ಚಿಕ್ಕಮ್ಮ ಮುಲಾಮಿನ ಮುಚ್ಚಳ ತಿರುಗಿಸುತ್ತ, "ಅಷ್ಟಿಲ್ಲ" ಎಂದಳು. ಬೆದರುಬೊಂಬೆಯ ಮಾತನ್ನು ಚಿಕ್ಕಪ್ಪ ಮತ್ತೆ ಎತ್ತಿದ್ದನ್ನು ನಾನು ಕೇಳಿಲ್ಲ.

ಅವರು ಕೆಲಸಕ್ಕೆ ಮರಳಿದ ದಿನ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯವರೆಗೆ ಚಿಕ್ಕಮ್ಮ ಬ ಗುಂಡಿ ಮುಟ್ಟಿರಲಿಲ್ಲ. ಬಾಯ್ಲರಿನವನೇ ತನಗೆ ತೋಚಿದಾಗ ಬಂದು ಗುಂಡಿ ಒತ್ತಿ ಹೇಗೋ ಸಂಭಾಳಿಸಿದ್ದ. ಹಲಗೆಗಳು ಸೀಳಲು ಶುರುವಾಗಿದ್ದವು. ಅವಳು ಕುರ್ಚಿಯಲ್ಲಿ ಕೂತಳು. ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಇಳಿಯಲಿಲ್ಲ. ನಾನು ಹೊರಗೆ ಹೋಗಿ ಎರಡೂ ಕೋಣೆಗಳನ್ನು ನೋಡಿ ಬಂದು, "ಯಾರೂ ಇಲ್ಲ ಚಿಕ್ಕಮ್ಮ" ಎಂದೆ. ಬಾಯ್ಲರಿನವನೂ, "ಯಾರೂ ಇಲ್ಲ ಅಕ್ಕ" ಎಂದ. ಅವಳು ತಲೆಯಾಡಿಸಿದಳು. ಬೆರಳು ಅಲ್ಲೇ ಇತ್ತು.

ಆಗ ಚಿಕ್ಕಪ್ಪ ಒಳಗೆ ಬಂದರು. ಕತ್ತಿಗೆ ಬಿಳಿ ಬಟ್ಟೆ ಸುತ್ತಿತ್ತು. ಎರಡನೆಯ ಕುರ್ಚಿಯನ್ನು ಮೇಜಿನ ಆಚೆ ಎಳೆದು, ಅವಳಿಗೆ ಎದುರಾಗಿ ಕೂತರು.

"ಇಲ್ಲೇ ಇದೀನಿ ನೋಡು."

ಅವಳು ನೋಡಿದಳು. ಮೇಜಿನ ಮೇಲಿಂದ ಎಡಗೈ ಚಾಚಿ ಅವರ ಅಂಗಿಯ ತೋಳನ್ನು ಹಿಡಿದಳು, ಬಸ್ಸಿನಲ್ಲಿ ಹಿಡಿಯುತ್ತಿದ್ದ ಹಾಗೆ.

"ಬರ್ಲಿ" ಎಂದರು ಚಿಕ್ಕಪ್ಪ. ರಾಗವಿಲ್ಲದೆ.

ಬೆರಳು ಇಳಿಯಿತು. ಯಂತ್ರದೊಳಗೆ ಟಿಕ್ ಎಂದಿತು. ಒಂದೇ ಒಂದು.

ಆ ಕಂಪ್ಯೂಟರ್ ಇದ್ದಷ್ಟು ಕಾಲವೂ ಅದೇ ರೂಢಿಯಾಯಿತು. ಎಲ್ಲಿ ಯಾವ ಕೆಲಸದಲ್ಲಿದ್ದರೂ, ಹಬೆ ಬಿಡುವ ಮೊದಲು ಚಿಕ್ಕಪ್ಪ ಬಂದು ಎದುರಿಗೆ ಕೂರಬೇಕು. ಹೊಸಬರು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ. ಗುಂಡಿ ಒತ್ತಿದ ಮೇಲೂ ಚಿಕ್ಕಮ್ಮ ಅವರ ತೋಳು ಬಿಡುತ್ತಿರಲಿಲ್ಲ. ಹಾಗೇ ಹಿಡಿದುಕೊಂಡು, ಬಟ್ಟೆ ತುರುಕಿದ ಪೈಪಿನ ಕಡೆ ಬಗ್ಗಿ ಕಿವಿಗೊಡುತ್ತಿದ್ದಳು. ಕೇಳಬೇಕಾದ ದನಿಯ ಮನುಷ್ಯ ಎದುರಿಗೇ ಇದ್ದರೂ.